ಮದುವೆ ಆಗದ ಜೋಡಿ, ಟೂರಿಸ್ಟ್ ವೀಸಾ: ಚೆಕ್‌ಲಿಸ್ಟ್‌ನಲ್ಲಿ ಇಲ್ಲದ ಕಾಗದ ಕೇಳ್ತಿದ್ದಾರೆ, ಏನ್ ಮಾಡೋದು?

ಬಳ್ಳಾರಿ_ಬಿಸಿಲು:
ಗೊತ್ತಿದ್ದೋರು ಯಾರಾದ್ರೂ ಸ್ವಲ್ಪ ಹೇಳಿ, ತಲೆ ಕೆಟ್ಟು ಹೋಗೈತೆ.

ನಮ್ಮದು ಬಳ್ಳಾರಿ ಗಾಂಧಿನಗರ. ಬೆಂಗಳೂರು ಕಂಪನಿ ಕೆಲಸ, ಮನೆಯಿಂದಲೇ ಮಾಡ್ತೀನಿ. ನನ್ನ ಹುಡುಗ ತೋರಣಗಲ್ಲಲ್ಲಿ ಇಂಜಿನಿಯರ್. ನನಗೆ 29, ಅವನಿಗೆ 31. ಮದುವೆ ಆಗಿಲ್ಲ. ಇಬ್ಬರೂ ಸೇರಿ ಯುರೋಪಿನ ಎರಡು ದೇಶ ನೋಡ್ಕೊಂಡು ಬರೋಣ ಅಂತ ಹೊರಟಿದ್ದೀವಿ. ಷೆಂಗೆನ್ ವೀಸಾ, ಅಂದ್ರೆ ಯುರೋಪಿನ ಹಲವು ದೇಶಕ್ಕೆ ನಡೆಯೋ ಒಂದೇ ವೀಸಾ. ಹೆಚ್ಚು ದಿನ ಎಲ್ಲಿ ಇರ್ತೀವೋ ಆ ದೇಶಕ್ಕೇ ಅರ್ಜಿ ಹಾಕಬೇಕು ಅನ್ನೋದು ಗೊತ್ತಿತ್ತು, ಹಾಗೇ ಹಾಕಿದ್ವಿ.

ಹಂಪಿ ಎಕ್ಸ್‌ಪ್ರೆಸ್ ಹತ್ತಿ, ನಿದ್ದೆಗಣ್ಣಲ್ಲೇ ವೀಸಾ ಸೆಂಟರ್ ಸಾಲಲ್ಲಿ ನಿಂತ್ವಿ. ಕೌಂಟರ್‌ನಲ್ಲಿದ್ದ ಹುಡುಗಿ ಇಬ್ಬರ ಫೈಲೂ ತಿರುವಿ ಹಾಕಿ, "ಒಂದೇ ರೂಮ್ ಬುಕಿಂಗ್ ಐತಲ್ಲ, ಮ್ಯಾರೇಜ್ ಸರ್ಟಿಫಿಕೇಟ್ ಎಲ್ಲಿ?" ಅಂದ್ಲು. ಆಗಿಲ್ಲ ಅಂದೆ. "ಹಾಗಾದ್ರೆ ಸಂಬಂಧಕ್ಕೆ ನೋಟರಿ ಅಫಿಡವಿಟ್ ಬೇಕು, ಇಬ್ಬರ ತಂದೆ ತಾಯಿದೂ ಒಪ್ಪಿಗೆ ಪತ್ರ ಬೇಕು, ಇಲ್ಲಾಂದ್ರೆ ಫೈಲ್ ತಗೊಳ್ಳಲ್ಲ" ಅಂದ್ಲು. ಹಿಂದೆ ಸಾಲಲ್ಲಿದ್ದೋರೆಲ್ಲ ನಮ್ಮನ್ನೇ ನೋಡ್ತಿದ್ರು. ಚೆಕ್‌ಲಿಸ್ಟ್ ಮತ್ತೆ ಮತ್ತೆ ಓದಿದೆ, ಈ ಎರಡೂ ಅದರಲ್ಲಿ ಇಲ್ಲವೇ ಇಲ್ಲ. ವಾಪಸ್ ಬಂದ್ವಿ, ಬೇರೆ ಅಪಾಯಿಂಟ್‌ಮೆಂಟ್ ತಗೊಂಡಿದ್ದೀವಿ.

ಅಮ್ಮನಿಗೆ ಎಲ್ಲಾ ಗೊತ್ತು. ಅಪ್ಪನಿಗೆ "ಫ್ರೆಂಡ್ಸ್ ಜೊತೆ" ಅಂತಷ್ಟೇ ಹೇಳಿದ್ದೀನಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕು ಅಂತ ಅವರ ಮುಂದೆ ಹೆಂಗೆ ಹೋಗಲಿ?

ಸಿಂಧನೂರು ಸೀನ:
ಸೀದಾ ಮದುವಿ ಮಾಡ್ಕೊಂಡುಬಿಡ್ರಿ, ಎಲ್ಲಾ ಕಾಗದ ಒಂದೇ ಸಲ ಬರ್ತಾವ 😄

ಕುಷ್ಟಗಿ ಕ್ವೀನ್:
ಸೀನಣ್ಣ, ನೀ ಅಂದಂಗ ಆಗೂದಿಲ್ಲ. 1954ರ ವಿಶೇಷ ವಿವಾಹ ಕಾಯ್ದೆ ಕೆಳಗ ಹೋದ್ರ 30 ದಿನ ನೋಟಿಸ್ ಹಾಕಿರಬೇಕು. ಅಷ್ಟೊತ್ತಿಗೆ ಆಕಿ ಟಿಕೆಟ್ ತಾರೀಖು ದಾಟಿ ಹೋಗಿರ್ತೈತಿ. ಮತ್ತ ವೀಸಾ ಸಲುವಾಗಿ ಮದುವಿ ಆಗ್ಬೇಕಾ? ನಿನ್ನಂಥವರಿಂದನ ಇಲ್ಲಿ ಒಂದು ನೆಟ್ಟನೆ ಉತ್ತರ ಸಿಗೂದಿಲ್ಲ.

ತೋರಣಗಲ್ಲು ನೈಟ್ ಶಿಫ್ಟ್:
ಯಾರಪ್ಪ ಆ ಇಂಜಿನಿಯರ್, ನಮ್ಮ ಡಿಪಾರ್ಟ್‌ಮೆಂಟಾ? ರಜೆ ಹೆಂಗೆ ಸಿಕ್ತು ಅನ್ನೋದೇ ನನಗೆ ದೊಡ್ಡ ಪ್ರಶ್ನೆ.

ಟಿಕೆಟ್ ಮಾಮ, ರಾಯಚೂರು:
ತಂಗಿ, ಒಂದು ಮಾತು ಮೊದಲ ತಲಿಯಾಗ ಇಟ್ಕೊ. ಕೌಂಟರ್‌ನಾಗ ಕುಂತೋರು ವೀಸಾ ಕೊಡೋರಲ್ಲ. ಅವರು ಫೈಲ್ ತಗೊಂಡು, ಬೆರಳು ಗುರುತು ತಗೊಂಡು, ರೊಕ್ಕ ತಗೊಂಡು ಆ ದೇಶದ ಕಚೇರಿ, ಅಂದ್ರ ಕಾನ್ಸುಲೇಟಿಗೆ ಮುಟ್ಟಿಸೋರು. ಅರ್ಜಿ ನೋಡಿ ನಿರ್ಧಾರ ಮಾಡೋದು ಕಾನ್ಸುಲೇಟ್ ಒಂದ. ಷೆಂಗೆನ್ ವೀಸಾ ಕೋಡ್‌ನಾಗ ಇದು ಸ್ಪಷ್ಟ ಅದ, ಹೊರಗಿನ ಏಜೆನ್ಸಿಗೆ ಆ ಅಧಿಕಾರ ಇಲ್ಲ.

ಹಂಗಾಗಿ ಚೆಕ್‌ಲಿಸ್ಟ್‌ನಾಗ ಇಲ್ಲದ್ದು ಕೇಳಿದ್ರ ಜಗಳ ಬ್ಯಾಡ. ಮೆತ್ತಗ, "ಮೇಡಂ, ಈ ಕಾಗದ ಬೇಕು ಅಂತ ಬರದು ಕೊಡ್ರಿ, ಇಲ್ಲಾಂದ್ರ ಕಾಗದ ಇಲ್ಲ ಅಂತ ಗುರುತು ಮಾಡಿ ಫೈಲ್ ತಗೊಳ್ರಿ" ಅನ್ನು. ಇಂಥಾ ಕಾಗದ ಕೊಟ್ಟಿಲ್ಲ ಅಂತ ಒಂದು ಹಾಳಿ ಮ್ಯಾಲ ಸಹಿ ಹಾಕಿಸ್ಕೊಂಡು ಮುಂದ ಕಳಸ್ತಾರ. ಇನ್ನೂ ಕೇಳಲಿಲ್ಲಂದ್ರ ಸೂಪರ್‌ವೈಸರ್‌ನ ಕರಸು.

ಆದ್ರ ಕಾನ್ಸುಲೇಟ್‌ನಿಂದನ ಮೇಲ್ ಬಂದು ಇಂಥಾ ಕಾಗದ ಕಳಿಸು ಅಂದ್ರ ಮಾತು ಬ್ಯಾರೆ. ಹೆಚ್ಚುವರಿ ದಾಖಲೆ ಕೇಳೋ ಹಕ್ಕು ಅವರಿಗೆ ಅದ. ಅದನ್ನ ಕೊಡಬೇಕು, ಅವರು ಹೇಳಿದ ತಾರೀಖಿನೊಳಗ ಕೊಡಬೇಕು.

ಗಂಗಾವತಿ ಕಾಕಾ:
ನಾನು ಹಳೇ ಕಾಲದವ, ಬಯ್ಯಬ್ಯಾಡ್ರಿ. ಅಪ್ಪಗ ಸುಳ್ಳು ಹೇಳಿ ವಿಮಾನ ಹತ್ತೂದು ಯಾವ ಲೆಕ್ಕ? ಕೌಂಟರ್ ಹುಡುಗಿ ಕೇಳಿದ್ರಾಗ ಏನೂ ತಪ್ಪಿಲ್ಲ. ನಮ್ಮ ಕಡೆ ಜಾತ್ರಿಗೆ ಹೋಗಾಕನೂ ಮನ್ಯಾಗ ಕೇಳಿ ಹೋಗತಿದ್ವಿ.

ಕುಷ್ಟಗಿ ಕ್ವೀನ್:
ಕಾಕಾ, ಆಕಿಗೆ 29 ವರ್ಷ. ಓಟು ಹಾಕ್ತಾಳ, ಇನ್‌ಕಮ್ ಟ್ಯಾಕ್ಸ್ ಕಟ್ತಾಳ.

ಟಿಕೆಟ್ ಮಾಮ, ರಾಯಚೂರು:
ಕಾಕಾರ, ಮನಿ ಮಾತು ಬ್ಯಾರೆ, ವೀಸಾ ಮಾತು ಬ್ಯಾರೆ. ತಂದಿ ತಾಯಿ ಒಪ್ಪಿಗಿ ಪತ್ರ ಷೆಂಗೆನ್‌ಗೆ ಬೇಕಾಗೋದು 18 ತುಂಬದ ಮಕ್ಕಳಿಗೆ. ಕೆಲವು ಸಲ ಕೌಂಟರ್‌ನಾಗ ಇರೋರು ಮಕ್ಕಳ ಚೆಕ್‌ಲಿಸ್ಟೂ ದೊಡ್ಡೋರ ಚೆಕ್‌ಲಿಸ್ಟೂ ಕಲಸಿಬಿಡ್ತಾರ.

ತಂದಿ ರೊಕ್ಕ ಕೊಡೋದಿದ್ರ ಮಾತ್ರ ಅವರ ಸ್ಪಾನ್ಸರ್ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ ಬೇಕು. ಆಗ ಅದು ಒಪ್ಪಿಗಿ ಅಲ್ಲ, ಖರ್ಚಿನ ಜವಾಬ್ದಾರಿ.

ಜೀನ್ಸ್ ಯೂನಿಟ್, ಬಳ್ಳಾರಿ:
ಇಷ್ಟೆಲ್ಲಾ ಯಾಕೆ ಅಕ್ಕ? ಫಾರಂನಲ್ಲಿ ಮ್ಯಾರೀಡ್ ಅಂತ ಟಿಕ್ ಹಾಕಿ ಬಿಡ್ರಿ. ಯಾರು ಚೆಕ್ ಮಾಡ್ತಾರೆ? ನನ್ನ ದೋಸ್ತ್ ಒಬ್ಬ ಹಂಗೇ ಮಾಡಿ ಹೋಗಿ ಬಂದ.

ಟಿಕೆಟ್ ಮಾಮ, ರಾಯಚೂರು:
ಏ ಮಾರಾಯ, ಅದು ಒಂದು ಮಾಡಬ್ಯಾಡ್ರಿ!

ಫಾರಂನಾಗ ಹಾಕಿದ ಸುಳ್ಳು ವೀಸಾ ಮಾಹಿತಿ ವ್ಯವಸ್ಥಾದಾಗ 5 ವರ್ಷ ಕುಂತಿರ್ತದ. ಷೆಂಗೆನ್ ದೇಶ ಯಾವುದ ಇರಲಿ, ಮುಂದಿನ ಸಲ ಅರ್ಜಿ ಹಾಕಿದಾಗ ಅದ ತೆರಕೊಂಡು ನೋಡ್ತಾರ. ಮ್ಯಾರೀಡ್ ಅಂದ ಮ್ಯಾಲ ಸರ್ಟಿಫಿಕೇಟ್ ಕೇಳೋದು ಗ್ಯಾರಂಟಿ. ಆಗ ಎಲ್ಲಿಂದ ತರ್ತೀರಿ? ಇನ್ನೊಂದು, ಮುಂದ ಈಕಿ ನಿಜವಾಗಿ ಮದುವಿ ಆಗಿ ಅರ್ಜಿ ಹಾಕಿದಾಗ ತಾರೀಖು ಒಂದಕ್ಕೊಂದು ಹೊಂದಂಗಿಲ್ಲ. ನಿನ್ನ ದೋಸ್ತ್ ಪಾರಾಗಿರಬಹುದು, ಅದು ಅವನ ನಸೀಬು.

ಸಿಂಧನೂರು ಸೀನ:
ಫಾರಂನಾಗ "ರಿಜಿಸ್ಟರ್ಡ್ ಪಾರ್ಟ್‌ನರ್‌ಶಿಪ್" ಅಂತ ಇನ್ನೊಂದು ಡಬ್ಬಿ ಇರ್ತದಲ್ಲ ಮಾಮ, ಅದಕ್ಕ ಟಿಕ್ ಹಾಕಿದ್ರ?

ಟಿಕೆಟ್ ಮಾಮ, ರಾಯಚೂರು:
ಅದು ಹಂಗ ಜೋಡಿನ ರಿಜಿಸ್ಟರ್ ಮಾಡೋ ಕಾನೂನು ಇರೋ ದೇಶದವರಿಗೆ. ನಮ್ಮ ಕಡೆ ಅದು ಎಲ್ಲಿ ಅದ? ಅವಿವಾಹಿತ ಅನ್ನೋ ಡಬ್ಬಿಗೆ ಟಿಕ್ ಹಾಕೋದು, ಅಷ್ಟ.

ತೋರಣಗಲ್ಲು ನೈಟ್ ಶಿಫ್ಟ್:
ಉತ್ತರಾಖಂಡದಲ್ಲಿ 2025ರಿಂದ ಲಿವ್‌ಇನ್ ರಿಜಿಸ್ಟರ್ ಮಾಡಿಸಬೇಕು ಅಂತ ಬಂದೈತಲ್ಲ?

ಕುಷ್ಟಗಿ ಕ್ವೀನ್:
ಬಂದೈತಿ, ಅಲ್ಲಿಯ ಏಕರೂಪ ನಾಗರಿಕ ಸಂಹಿತಾದಾಗ. ಅದು ಅಲ್ಲಿಗೆ. ಮತ್ತ ಈಕಿ ಎಲ್ಲೆ ಲಿವ್‌ಇನ್ ಅಂದ್ಲು? ಆಕಿ ಗಾಂಧಿನಗರದಾಗ, ಆತ ತೋರಣಗಲ್ಲಾಗ. ಟೂರ್ ಹೊಂಟಾರ, ಸಂಸಾರ ಹೂಡಾಕ ಅಲ್ಲ.

ಕೋರ್ಟ್ ರೋಡ್ ಟೈಪಿಸ್ಟ್:
ಅಫಿಡವಿಟ್ ವಿಷಯಕ್ಕೆ ಬರ್ತೀನಿ. ನಾನು ದಿನಾ ಇದನ್ನೇ ಹೊಡೆಯೋನು, ಆದ್ರಿಂದ ಕೇಳ್ರಿ.

ಸಂಬಂಧದ ಅಫಿಡವಿಟ್ ಅಂತ ಬಂದೋರಿಗೆ ಕೆಲವರು ಬಾಯಿಗೆ ಬಂದದ್ದೆಲ್ಲ ಹೊಡೆದು ಕೊಡ್ತಾರೆ. "ನಾವಿಬ್ಬರೂ ಗಂಡ ಹೆಂಡತಿಯಂತೆ ವಾಸವಾಗಿದ್ದೇವೆ" ಅಂತ ಮೊನ್ನೆ ಒಬ್ಬರಿಗೆ ಹೊಡೆದಿದ್ದು ನಾನೇ ನೋಡಿದೆ. ಪಾಪ, ಅವರು ಒಂದೇ ಊರಲ್ಲೂ ಇರಲಿಲ್ಲ. ಪ್ರಮಾಣ ಮಾಡಿ ಸಹಿ ಹಾಕೋ ಕಾಗದದಲ್ಲಿ ನಿಜ ಇಲ್ಲದ ಒಂದು ಪದ ಇದ್ರೂ ತಲೆನೋವು ಸಹಿ ಹಾಕಿದೋರಿಗೆ, ಟೈಪ್ ಮಾಡಿದೋನಿಗಲ್ಲ.

ಬೇಕೇ ಬೇಕು ಅಂದ್ರೆ ಇಷ್ಟು ಸಾಕು: ನಾನು ಇಂಥವಳು, ಇಂಥಲ್ಲಿ ವಾಸ, ಅವಿವಾಹಿತೆ, ಇಂಥ ಪಾಸ್‌ಪೋರ್ಟ್ ನಂಬರ್, ಇಂಥವರ ಜೊತೆ ಇಂಥ ತಾರೀಖಿನಿಂದ ಇಂಥ ತಾರೀಖಿನವರೆಗೆ ಪ್ರವಾಸ ಹೋಗುತ್ತಿದ್ದೇನೆ. ಇಂಗ್ಲಿಷಲ್ಲೇ ಮಾಡಿಸ್ರಿ, ಕನ್ನಡದಲ್ಲಿ ಮಾಡಿಸಿದ್ರೆ ಅನುವಾದಕ್ಕೆ ಮತ್ತೆ ಖರ್ಚು. ಸ್ಟಾಂಪ್ ಪೇಪರ್ 100 ರೂಪಾಯಿದು. ನೋಟರಿ ಸೀಲು, ಅವರ ರಿಜಿಸ್ಟರ್ ನಂಬರ್, ತಾರೀಖು ಮೂರೂ ಇದಾವಾ ನೋಡ್ಕೊಂಡೇ ಎದ್ದು ಬರ್ರಿ.

ಸಿಂಧನೂರು ಸೀನ:
ನಾಡಕಚೇರಿಯಾಗ ಅವಿವಾಹಿತ ಅಂತ ಸರ್ಟಿಫಿಕೇಟ್ ಮಾಡಿಸಿದ್ರ ಹೆಂಗ? ಪುಣ್ಯಕ್ಕ ನಮ್ಮ ಕಲ್ಯಾಣ ಕರ್ನಾಟಕ ಮೀಸಲಾತಿಯ 371ಜೆ ಸರ್ಟಿಫಿಕೇಟ್ ಕೇಳಿಲ್ಲ ಅವರು.

ಕೋರ್ಟ್ ರೋಡ್ ಟೈಪಿಸ್ಟ್:
😂 371ಜೆ ಇದ್ರೆ ರೋಮಲ್ಲೂ ರೋಸ್ಟರ್ ಪಾಯಿಂಟ್ ಸಿಗುತ್ತೆ ನೋಡ್ರಿ. ತಮಾಷೆ ಬಿಡ್ರಿ, ಟೂರಿಸ್ಟ್ ವೀಸಾಕ್ಕೆ ಅಷ್ಟು ದೂರ ಹೋಗೋದು ಬೇಡ. ಮದುವೆ ಆಗಿಲ್ಲ ಅನ್ನೋ ಸರ್ಟಿಫಿಕೇಟ್ ಕೇಳೋದು ಹೊರದೇಶದಲ್ಲಿ ಮದುವೆ ಆಗೋರಿಗೆ. ಅದಕ್ಕೆ ಕಾಗದ ಅಸಲಿ ಅಂತ ಹೊರದೇಶಕ್ಕೆ ತೋರಿಸೋ ಸೀಲು, ಅಪಾಸ್ಟಿಲ್ ಗಿಪಾಸ್ಟಿಲ್ ಎಲ್ಲಾ ಇರುತ್ತೆ, ಆ ಕಥೆನೇ ಬೇರೆ.

ಆನೆಗೊಂದಿ ಹೋಂಸ್ಟೇ:
ಈ ಚರ್ಚೆ ಓದಿ ನಗು ಬಂತು. ನಮ್ಮಲ್ಲಿಗೆ ಹಂಪಿ ನೋಡಾಕ ಫಾರಿನ್ ಜೋಡಿಗಳು ಬರ್ತಾರ. ಪಾಸ್‌ಪೋರ್ಟ್, ವೀಸಾ ನೋಡ್ತೀವಿ, 24 ಗಂಟೆ ಒಳಗ ಅವರ ಮಾಹಿತಿ ಸರ್ಕಾರಕ್ಕ ಆನ್‌ಲೈನ್ ಹಾಕ್ತೀವಿ, ರೂಮಿನ ಕೀಲಿ ಕೊಡ್ತೀವಿ. ಮದುವಿ ಆಗೈತೇನು ಅಂತ ಅವರನ್ನ ಒಬ್ಬರೂ ಕೇಳೂದಿಲ್ಲ. ಅದ ಕೊಪ್ಪಳದಿಂದ ನಮ್ಮ ಹುಡುಗ ಹುಡುಗಿ ಬಂದ್ರ ಆಧಾರ್ ನೋಡಿ, ಅಡ್ರೆಸ್ ಬ್ಯಾರೆ ಬ್ಯಾರೆ ಐತಿ ಅಂತ ವಾಪಸ್ ಕಳಸೂ ಲಾಡ್ಜ್ ಇನ್ನೂ ಅದಾವ.

ಕುಷ್ಟಗಿ ಕ್ವೀನ್:
ಅಂಥಾ ಕಾನೂನ ಇಲ್ಲ. ಕೊಯಮತ್ತೂರಿನ ಒಂದು ವಸತಿಗೆ ಬೀಗ ಜಡಿದ ಕೇಸಿನಾಗ ಮದ್ರಾಸ್ ಹೈಕೋರ್ಟ್ 2019ರಾಗನ ಹೇಳೈತಿ, ಮದುವಿ ಆಗದ ವಯಸ್ಕರು ಒಂದು ರೂಮಿನಾಗ ಇದ್ರ ಅದು ಅಪರಾಧ ಅಲ್ಲ ಅಂತ.

ಗಂಗಾವತಿ ಕಾಕಾ:
ಕೋರ್ಟು ಹೇಳ್ತೈತಿ, ಓಣಿ ಮಂದಿ ಕೇಳಬೇಕಲ್ಲ.

ಜೀನ್ಸ್ ಯೂನಿಟ್, ಬಳ್ಳಾರಿ:
ಯುರೋಪ್ ಬಿಡ್ರಿ ಅಕ್ಕ, ವಿಯೆಟ್ನಾಂಗೆ ಹೋಗ್ರಿ. ಇ-ವೀಸಾ, ಒಂದು ಎಂಟ್ರಿಗೆ 25 ಡಾಲರ್, 90 ದಿನದವರೆಗೂ ಕೊಡ್ತಾರೆ. ಫೋಟೋ, ಪಾಸ್‌ಪೋರ್ಟ್ ಪುಟ ಹಾಕಿದ್ರೆ ಆಯ್ತು. ಬಟ್ಟೆ ನೋಡೋಕೆ ಹೋಗಿದ್ದೆ, ಆ ಹೊಲಿಗೆ ಯೂನಿಟ್‌ಗಳನ್ನ ನೋಡಿದ್ರೆ ನಮ್ಮ ಬಳ್ಳಾರಿ ಯೂನಿಟ್ ಮುಚ್ಚಿಬಿಡೋಣ ಅನ್ಸುತ್ತೆ.

ತೋರಣಗಲ್ಲು ನೈಟ್ ಶಿಫ್ಟ್:
ಬಾಲಿಗೆ ಮಾತ್ರ ಹೋಗಬೇಡ್ರಿ, ಅಲ್ಲಿ ಮದುವೆ ಆಗದೋರನ್ನ ಹಿಡಿದು ಜೈಲಿಗೆ ಹಾಕ್ತಾರಂತೆ.

ಕುಷ್ಟಗಿ ಕ್ವೀನ್:
ಅರ್ಧ ಸುದ್ದಿ ಹೇಳಿ ಹೆದರಸಬ್ಯಾಡ. ಬಾಲಿ ಇರೂ ದೇಶ ಇಂಡೋನೇಷ್ಯಾ 2022ರ ಡಿಸೆಂಬರ್‌ನಾಗ ಹೊಸ ಅಪರಾಧ ಸಂಹಿತೆ ಪಾಸ್ ಮಾಡಿತು, ಅದು 2026ರ ಜನವರಿಯಿಂದ ಜಾರಿ. ಆದ್ರ ಗಂಡ, ಹೆಂಡತಿ, ಹೆತ್ತವರು ಇಲ್ಲಾ ಮಕ್ಕಳು ದೂರು ಕೊಟ್ರ ಮಾತ್ರ ಕೇಸು. ಹೋಟೆಲ್‌ನವ ಹೋಗಿ ದೂರು ಕೊಡಾಕ ಬರೂದಿಲ್ಲ. ದುಬೈ ಕಡೆನೂ 2020ರಾಗ ಕಾನೂನು ಸಡಿಲ ಆಗೈತಿ, ಅಲ್ಲಿ ಈಗ ಮದುವಿ ಆಗದೋರು ಒಂದು ರೂಮಿನಾಗ ಇದ್ರ ಅಪರಾಧ ಅಲ್ಲ.

ಸಿಂಧನೂರು ಸೀನ:
ಅಂದ್ರ ಆಕಿ ಅಪ್ಪ ಬಾಲಿಗೆ ಬಂದು ದೂರು ಕೊಡಬೇಕು 🤣

ಬಳ್ಳಾರಿ_ಬಿಸಿಲು:
ಸೀನಣ್ಣ, ಅಷ್ಟು ದೂರ ಯೋಚನೆ ಮಾಡಿಸಬೇಡಿ ನನ್ನ ಕೈಲಿ.

ಟಿಕೆಟ್ ಮಾಮ, ಒಂದು ವಿಷಯ. ಎರಡೂ ಹೋಟೆಲ್ ಅವನ ಕಾರ್ಡಲ್ಲೇ ಬುಕ್ ಆಗಿದಾವೆ, ವೋಚರ್ ಅವನ ಹೆಸರಲ್ಲೇ ಐತೆ. ವಿಮಾನದ ಟಿಕೆಟ್ ನಂದು ನಾನೇ ಮಾಡಿಸಿದ್ದೀನಿ. ನನ್ನ ಉಳಿತಾಯ ಎಲ್ಲಾ ಎಫ್‌ಡಿಲಿ ಐತೆ, ಖಾತೆಲಿ ಜಾಸ್ತಿ ದುಡ್ಡು ಇಲ್ಲ. ಅದಕ್ಕೇ ಸಂಬಂಧದ ಕಾಗದ ಕೇಳಿದ್ರಾ?

ಟಿಕೆಟ್ ಮಾಮ, ರಾಯಚೂರು:
ಇಲ್ಲೇ ಅದ ನೋಡು ಗಂಟು! ಇದನ್ನ ಮೊದಲ ಹೇಳಬಾರದಿತ್ತೇನು?

ಅರ್ಜಿ ಗಂಡ ಹೆಂಡತಿದಾಗಲಿ, ಪ್ರೇಮಿಗಳದಾಗಲಿ, ದೋಸ್ತ್‌ಗಳದಾಗಲಿ, ಒಬ್ಬೊಬ್ಬರದೂ ಬ್ಯಾರೆನೇ ನೋಡ್ತಾರ. ನಿನ್ನ ಫೈಲ್ ತೆಗೆದ ಆಫೀಸರ್ ಮುಂದ ಮೂರು ಪ್ರಶ್ನಿ. ಈಕಿ ಎಲ್ಲಿ ಮಲಗ್ತಾಳ, ಖರ್ಚು ಯಾರು ಕೊಡ್ತಾರ, ವಾಪಸ್ ಬರ್ತಾಳೋ ಇಲ್ಲೋ. ನಿನ್ನ ಫೈಲಿನಾಗ ನಿನ್ನ ಹೆಸರಿನ ಹೋಟೆಲ್ಲ ಇಲ್ಲ. ಅಂದ ಮ್ಯಾಲ ಅಂವ ಯಾರು, ಈಕಿಗೆ ಯಾಕ ರೂಮ್ ಮಾಡಿ ಕೊಡ್ತಾನ ಅನ್ನೋ ಪ್ರಶ್ನಿ ಹುಟ್ಟತದ. ಮದುವಿ ಸರ್ಟಿಫಿಕೇಟ್ ಇದ್ದಿದ್ರ ಆ ಪ್ರಶ್ನಿಗೆ ಅದ ಉತ್ತರ ಆಗತಿತ್ತು. ನಿಮ್ಮ ಹತ್ರ ಅದು ಇಲ್ಲ, ಬ್ಯಾರೆ ಕಾಗದದಿಂದ ಅದೇ ಉತ್ತರ ಕೊಡಬೇಕು.

ಹೋಟೆಲ್‌ಗೆ ಮೇಲ್ ಹಾಕಿ ವೋಚರ್‌ನಾಗ ಇಬ್ಬರ ಹೆಸರೂ ಪಾಸ್‌ಪೋರ್ಟ್‌ನಾಗ ಇದ್ದಂಗ ಸೇರಸು, ಹೊಸಾ ಪ್ರಿಂಟ್ ತಗೊ. ಹೋಟೆಲಿನ ನಿನ್ನ ಪಾಲು ನೀನೇ ಕೊಡೋದಿದ್ರ ಅವನ ಖಾತಿಗೆ ಹಾಕು, ಅದು ಸ್ಟೇಟ್‌ಮೆಂಟ್‌ನಾಗ ಕಾಣಲಿ. ಅವನ ಕೊಡೋದಿದ್ರ ಅಂವ ನಿನ್ನ ಸ್ಪಾನ್ಸರ್, ಫಾರಂನಾಗ ಖರ್ಚಿನ ಕಾಲಂ ಹಂಗ ತುಂಬಬೇಕು, ಅವನ ಪತ್ರ, ಸ್ಟೇಟ್‌ಮೆಂಟ್, ಸ್ಯಾಲರಿ ಸ್ಲಿಪ್ ನಿನ್ನ ಫೈಲಿನೊಳಗೂ ಒಂದು ಸೆಟ್ ಇರಬೇಕು. ಎರಡರಾಗ ಒಂದು ಮಾಡು. ಅರ್ಧ ಅಲ್ಲಿ ಅರ್ಧ ಇಲ್ಲಿ ಬ್ಯಾಡ.

ಎಫ್‌ಡಿ ಮುರಿಬ್ಯಾಡ. ಬ್ಯಾಂಕಿನಿಂದ ಸೀಲ್ ಹಾಕಿದ ಎಫ್‌ಡಿ ಪತ್ರ ತಗೊಂಡು ಇಡು. ಅರ್ಜಿಗೆ ಮುಂಚೆ ಒಮ್ಮೆಲೇ ದೊಡ್ಡ ಮೊತ್ತ ಖಾತಿಗೆ ಬಂದ್ರ ಅದ ಅನುಮಾನಕ್ಕ ದಾರಿ.

ಜೀನ್ಸ್ ಯೂನಿಟ್, ಬಳ್ಳಾರಿ:
ಇದು ನೂರಕ್ಕೆ ನೂರು ನಿಜ. ನಮ್ಮದೆಲ್ಲ ಕ್ಯಾಶ್ ವ್ಯವಹಾರ. ಭಾವ ಪ್ರೀತಿಯಿಂದ 4 ಲಕ್ಷ ಖಾತೆಗೆ ಹಾಕಿದ, "ಈ ದುಡ್ಡು ಎಲ್ಲಿಂದ ಬಂತು" ಅಂತ ಮೇಲ್ ಬಂತು. ಜಿಎಸ್‌ಟಿ ರಿಟರ್ನ್, ಉದ್ಯಮ್ ಸರ್ಟಿಫಿಕೇಟ್, ಮೂರು ವರ್ಷದ ಐಟಿ ರಿಟರ್ನ್ ಎಲ್ಲಾ ಕಳಿಸಿ ಸಾಕಾಗಿ ಹೋಯ್ತು. ಭಾವನಿಗೆ ಇನ್ನೂ ಬೇಜಾರು, ಸಹಾಯ ಮಾಡಿದ್ದೇ ತಪ್ಪಾ ಅಂತ.

ಸಿಂಧನೂರು ಸೀನ:
ಈಗ ತಮಾಷಿ ಅಲ್ಲ. ನಮ್ಮ ಗೆಳೆಯನ ಜೋಡಿದಾಗ ಆಕಿಗೆ ವೀಸಾ ಬಂತು, ಇವಗ ಬರಲಿಲ್ಲ. ಒಂದೇ ದಿನ, ಒಂದೇ ಕೌಂಟರ್, ಒಂದೇ ಪ್ಲಾನು. ಆಕಿ ಬ್ಯಾಂಕ್ ನೌಕರಿ, ಇವ ಕೆಲಸ ಬಿಟ್ಟು ಹೊಸಾದು ಹುಡುಕ್ತಿದ್ದ. ಟಿಕೆಟ್ ರೊಕ್ಕ ವಾಪಸ್ ಬರಲಿಲ್ಲ. ಆಕಿ ಒಬ್ಬಾಕೆ ಹೋಗಲೋ ಬ್ಯಾಡೋ ಅಂತ ಮನ್ಯಾಗ ಕುರುಕ್ಷೇತ್ರ.

ಕುಷ್ಟಗಿ ಕ್ವೀನ್:
ಹೋದ್ಲಾ?

ಸಿಂಧನೂರು ಸೀನ:
ಹೋದ್ಲು. ಫೋಟೋನೂ ಹಾಕಿದ್ಲು. ಅಂವ ಲೈಕ್ ಮಾಡ್ಲಿಲ್ಲ.

ಟಿಕೆಟ್ ಮಾಮ, ರಾಯಚೂರು:
ಅದಕ್ಕ ವೀಸಾ ಕೈಗೆ ಬರೋತನಕ ರದ್ದು ಮಾಡಿದ್ರ ರೊಕ್ಕ ವಾಪಸ್ ಬರೋ ಬುಕಿಂಗ್ ಇಟ್ಕೊಳ್ರಿ. ವೀಸಾ ಫೀ ಮಾತ್ರ ಹೋಯ್ತು ಅಂದ್ರ ಹೋಯ್ತು. 2024ರ ಜೂನ್‌ನಿಂದ ದೊಡ್ಡೋರಿಗೆ 90 ಯೂರೋ, ಅದರ ಮ್ಯಾಲ ಸೆಂಟರ್ ಚಾರ್ಜು. ವಿಮಾನೂ ಒಬ್ಬೊಬ್ಬರಿಗೆ ಕನಿಷ್ಠ 30,000 ಯೂರೋದ್ದು ಇರಬೇಕು... ವಿಮಾ ಅಂದ್ರ ಇನ್ಶೂರೆನ್ಸ್, ವಿಮಾನ ಅಲ್ಲಪ್ಪ. ತಿರಸ್ಕಾರ ಆದ್ರ ಕಾರಣಕ್ಕ ಟಿಕ್ ಹಾಕಿದ ಹಾಳಿ ಕೊಡ್ತಾರ, ಅದನ್ನ ಎಸಿಬ್ಯಾಡ್ರಿ, ಮೇಲ್ಮನವಿಗೂ ಮುಂದಿನ ಅರ್ಜಿಗೂ ಅದ ಬೇಕು.

ಟೀಚರಮ್ಮ_ಮಾನ್ವಿ:
ನಡುವೆ ಬಂದಿದ್ದಕ್ಕೆ ಕ್ಷಮಿಸಿ. ನಾನು ಸರ್ಕಾರಿ ಶಾಲೆ ಶಿಕ್ಷಕಿ. ನಮ್ಮದೂ ಇದೇ ಥರ, ಆದರೆ ಅಮೆರಿಕ. ಇಲಾಖೆ ಅನುಮತಿ ಅರ್ಜಿಯಲ್ಲಿ ಜೊತೆಗೆ ಬರೋರು ಯಾರು ಅಂತ ಬರೀಬೇಕಾ? ಆಫೀಸಿನಲ್ಲಿ ಗುಸುಗುಸು ಶುರುವಾದ್ರೆ ಕಷ್ಟ.

ಟಿಕೆಟ್ ಮಾಮ, ರಾಯಚೂರು:
ಟೀಚರಮ್ಮ, ಖಾಸಗಿ ಪ್ರವಾಸ ಇದ್ರೂ ಸರ್ಕಾರಿ ನೌಕರರು ಹೊರದೇಶಕ್ಕ ಹೋಗೋಕ ಮುಂಚಿತ ಅನುಮತಿ ತಗೋಬೇಕು. ಎಲ್ಲಿಗೆ, ಯಾವಾಗ, ಖರ್ಚು ಎಲ್ಲಿಂದ ಅನ್ನೋದು ಬರೀರಿ. ನಮೂನಿಯಾಗ ಕೇಳದ್ದಕ್ಕ ಉತ್ತರ ಬರೀಬ್ಯಾಡ್ರಿ. ಕೇಳಿದ್ರ ಮಾತ್ರ ಇದ್ದದ್ದು ಇದ್ದಂಗ ಬರೀರಿ.

ಅಮೆರಿಕದ ವೀಸಾ ಅರ್ಜಿ, ಡಿಎಸ್-160 ಫಾರಂನಾಗ ಜೊತಿಗೆ ಯಾರು ಬರ್ತಾರ, ನಿಮಗ ಏನಾಗಬೇಕು ಅಂತ ಕೇಳ್ತದ. ಅಲ್ಲಿ ಗಂಡ ಅಂತ ಹಾಕಬ್ಯಾಡ್ರಿ, ಫ್ರೆಂಡ್ ಅನ್ನೋ ಆಯ್ಕೆ ಅದ. ಸಂದರ್ಶನದಾಗ ನಿಮ್ಮನ್ನ ಬ್ಯಾರೆ ಬ್ಯಾರೆ ಕರೀಬಹುದು, ಇಬ್ಬರ ಮಾತೂ ಒಂದಕ್ಕೊಂದು ಹೊಂದಬೇಕು. ರಾಯಚೂರು ಕಡೆಯೋರಿಗೆ ಹೈದರಾಬಾದ್ ಕಾನ್ಸುಲೇಟ್ ಹತ್ರ, ಅದೊಂದು ಆರಾಮ.

ಗಂಗಾವತಿ ಕಾಕಾ:
ತಂಗೀ, ನಾ ಬೈದೆ ಅಂತ ಬೇಜಾರಾಗಬ್ಯಾಡ. ನನ್ನ ಮಗಳೂ ಹೊರದೇಶದಾಗ ಅದಾಳ. ಮದುವಿ ಮುಂಚೆ ಅಳಿಯನ ಕೂಡ ತಿರುಗಾಡಾಕ ಹೋಗಿದ್ಲು ಅಂತ ಆಮ್ಯಾಲ ಗೊತ್ತಾತು. ಆಗ ನನಗ ಸಿಟ್ಟು ಬಂದಿದ್ದು ಹೋಗಿದ್ದಕ್ಕಲ್ಲ, ಬ್ಯಾರೆಯವರ ಬಾಯಿಂದ ಕೇಳಿದ್ದಕ್ಕ. ವೀಸಾದವರಿಗೆ ಪತ್ರ ಬ್ಯಾಡ ಅಂದ್ರ ಬ್ಯಾಡ. ಅಪ್ಪಗ ಒಂದು ಮಾತು ಹೇಳು.

ಬಳ್ಳಾರಿ_ಬಿಸಿಲು:
ಕಾಕಾ, ಬೇಜಾರಿಲ್ಲ. ಅಪ್ಪನ ವಿಷಯ ಅಮ್ಮನಿಗೆ ಒಪ್ಪಿಸಿದ್ದೀನಿ, ನೋಡೋಣ.

ಮಾಮ, ನೀವು ಹೇಳಿದ್ದು ಓದಿ ವೀಸಾ ಸೆಂಟರ್‌ಗೂ ಕಾನ್ಸುಲೇಟ್‌ಗೂ ಮೇಲ್ ಹಾಕಿದ್ದೆ. ಸೆಂಟರ್‌ನಿಂದ ಚೆಕ್‌ಲಿಸ್ಟ್ ಲಿಂಕ್ ಬಂತು, ಬೇರೇನೂ ಇಲ್ಲ. ಕಾನ್ಸುಲೇಟ್‌ನಿಂದ ಎರಡೇ ಸಾಲು: ಪ್ರತಿಯೊಬ್ಬರೂ ಪ್ರತ್ಯೇಕ ಅರ್ಜಿ ಹಾಕಬೇಕು, ವಸತಿ ಮತ್ತು ಖರ್ಚಿಗೆ ಆಧಾರ ಕೊಡಬೇಕು. ಮದುವೆ, ಹೆತ್ತವರು, ಅಫಿಡವಿಟ್ ಯಾವುದರ ಸುದ್ದಿನೂ ಇಲ್ಲ. ಆ ಮೇಲ್ ಪ್ರಿಂಟ್ ತೆಗೆದು ಫೈಲ್ ಮೇಲೇ ಇಟ್ಟಿದ್ದೀನಿ. ಹೋಟೆಲ್ ಒಂದರಿಂದ ಹೊಸ ವೋಚರ್ ಬಂದೈತೆ, ಇನ್ನೊಂದು ಬರಬೇಕು.

ಕವರಿಂಗ್ ಲೆಟರ್ ಹಿಂಗೆ ಬರೆದಿದ್ದೀನಿ, ಇಂಗ್ಲಿಷಲ್ಲಿ ಕೊಡ್ತೀನಿ, ಇಲ್ಲಿ ಕನ್ನಡದಲ್ಲಿ ಹಾಕ್ತಿದ್ದೀನಿ, ನೋಡಿ:

"ನಾನು ಅವಿವಾಹಿತೆ. ನನ್ನ ಸಂಗಾತಿಯ ಜೊತೆ ಪ್ರವಾಸ ಹೊರಟಿದ್ದೇನೆ. ಅವರು ಪ್ರತ್ಯೇಕ ಅರ್ಜಿ ಸಲ್ಲಿಸುತ್ತಿದ್ದಾರೆ, ಪಾಸ್‌ಪೋರ್ಟ್ ಪ್ರತಿ ಲಗತ್ತಿಸಿದೆ. ಇಬ್ಬರ ಹೆಸರೂ ಹೋಟೆಲ್ ವೋಚರ್‌ನಲ್ಲಿದೆ. ಹೋಟೆಲ್ ಹಣವನ್ನು ಅವರು ಪಾವತಿಸಿದ್ದು, ನನ್ನ ಅರ್ಧ ಪಾಲನ್ನು ಅವರ ಖಾತೆಗೆ ವರ್ಗಾಯಿಸಿದ್ದೇನೆ, ಸ್ಟೇಟ್‌ಮೆಂಟ್‌ನಲ್ಲಿ ಗುರುತು ಮಾಡಿದೆ. ವಿಮಾನ, ವಿಮೆ, ಉಳಿದ ಖರ್ಚು ನನ್ನದೇ. ಕಂಪನಿಯ ರಜೆ ಮಂಜೂರಾತಿ ಮತ್ತು ಎನ್‌ಒಸಿ ಲಗತ್ತಿಸಿದೆ, ರಜೆ ಮುಗಿದ ಕೂಡಲೇ ಕೆಲಸಕ್ಕೆ ಹಾಜರಾಗಬೇಕಿದೆ. ಮುಂದಿನ ವರ್ಷ ನಾವು ಮದುವೆಯಾಗಲಿದ್ದೇವೆ."

ಕೋರ್ಟ್ ರೋಡ್ ಟೈಪಿಸ್ಟ್:
ನನ್ನ ಧಂದೆಗೆ ಕಲ್ಲು ಹಾಕಿದ್ರಿ. ಆದ್ರೂ ಪತ್ರ ಚೆನ್ನಾಗೈತೆ. ಅಫಿಡವಿಟ್ ಬೇಡವೇ ಬೇಡ.

ಕುಷ್ಟಗಿ ಕ್ವೀನ್:
ಒಂದು ಅಫಿಡವಿಟ್ ಮಾಡಿಸಿ ಬ್ಯಾಗಿನಾಗ ಇಟ್ಕೊಂಡ್ರ ಏನ್ ನಷ್ಟ? ಮತ್ತ ಬಳ್ಳಾರಿಗೆ ಓಡಿ ಬರೂದು ತಪ್ಪತೈತಿ.

ಟಿಕೆಟ್ ಮಾಮ, ರಾಯಚೂರು:
ಇಟ್ಕೊಳ್ಳಲಿ, ಕೇಳಿದ್ರ ಅಷ್ಟ ಹೊರಗ ತೆಗೀಲಿ. ತಾನಾಗಿ ಕೊಡೋದು ಬ್ಯಾಡ.

ತಂಗಿ, ಪತ್ರದ ಕಡೀ ಸಾಲು ತೆಗಿ. ಎಂಗೇಜ್‌ಮೆಂಟ್ ಆಗಿಲ್ಲ, ತಾರೀಖು ಇಲ್ಲ, ಕಲ್ಯಾಣ ಮಂಟಪದ ರಸೀದಿ ಇಲ್ಲ. ಆಧಾರ ಇಲ್ಲದ ಮಾತು ಹಾಕಿದ್ರ ಅದಕ್ಕೂ ಕಾಗದ ಕೇಳ್ತಾರ.

ಗಂಗಾವತಿ ಕಾಕಾ:
ವೀಸಾದವರಿಗೆ ಬ್ಯಾಡ, ಅವರಪ್ಪಗ ಆ ಸಾಲು ಬೇಕು.

ಬಳ್ಳಾರಿ_ಬಿಸಿಲು:
ತೆಗೆದೆ ಮಾಮ. ಪತ್ರ ಇಬ್ಬರದೂ ಒಂದೇ ಥರ ಇದ್ರೆ ನಡೆಯುತ್ತಾ?

ಟಿಕೆಟ್ ಮಾಮ, ರಾಯಚೂರು:
ಲೆಕ್ಕ, ತಾರೀಖು ಒಂದ ಇರಲಿ, ಪತ್ರ ಅವಂದು ಅವನ ಬರೀಲಿ. ಸಹಿ ಪಾಸ್‌ಪೋರ್ಟ್‌ನಾಗ ಇದ್ದಂಗ ಹಾಕ್ರಿ. ಅವನ ಫೈಲಿನಾಗ ನಿನ್ನ ಪಾಸ್‌ಪೋರ್ಟ್ ಪ್ರತಿನೂ ಇರಲಿ, ಎರಡನೇ ಹೋಟೆಲ್ ವೋಚರ್ ಬಂದ ಮ್ಯಾಲನ ರೈಲು ಹತ್ರಿ.